ಒಪ್ಪಿಗೆಯ ಕುರ್ಚಿ

ಮಾತು ಬಾರದ ಮಗುವನ್ನೂ ಕೇಳಬೇಕು, ಅದು ಒಪ್ಪಿದರೆ ಮಾತ್ರ ಅದರ ಮಿದುಳಿನ ಅಧ್ಯಯನ ಮಾಡಬೇಕು ಎಂದು ಸರ್ಕಾರ ಕಾನೂನು ತಂದ ವರ್ಷ ನಮ್ಮ ಕೇಂದ್ರದಲ್ಲಿ ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ. ಮಾತು ಬಾರದೆಂದೇ ಅಲ್ಲವೇ ಆ ಮಕ್ಕಳು ನಮ್ಮಲ್ಲಿಗೆ ಬರುವುದು? ಅವರನ್ನು ಕೇಳುವುದಾದರೂ ಹೇಗೆ? ಎರಡು ವರ್ಷ ಕಳೆಯುವುದರೊಳಗೆ ಕುರ್ಚಿ ಬಂತು, ನಮ್ಮ ಬಾಯಿ ಮುಚ್ಚಿತು.

ನೋಡಲು ಅದು ಹಲ್ಲಿನ ಡಾಕ್ಟರರ ಕುರ್ಚಿಯಂತಿದೆ, ಅಷ್ಟೇ. ತಲೆ ಆನಿಸುವ ದಿಂಬಿನೊಳಗೆ ಕಾಂತೀಯ ಸಂವೇದಕಗಳಿವೆ. ಮಿದುಳು ಕೆಲಸ ಮಾಡುವಾಗ ಹುಟ್ಟುವ ಅತಿ ಸಣ್ಣ ಕಾಂತಕ್ಷೇತ್ರವನ್ನು ಅವು ಮಗುವನ್ನು ಮುಟ್ಟದೆಯೇ ಹಿಡಿಯುತ್ತವೆ. ಒಂದು ವಸ್ತುವಿನತ್ತ ಕೈ ಚಾಚುವ ಮೊದಲು, ಇಲ್ಲವೇ ಅದರಿಂದ ಹಿಂದೆ ಸರಿಯುವ ಮೊದಲು, ಮಿದುಳು ಮೈಯನ್ನು ಸಜ್ಜು ಮಾಡುತ್ತದೆ. ಮೈ ಅಲುಗದಿದ್ದರೂ ಒಳಗೆ ಈ ಸಜ್ಜು ನಡೆದೇ ನಡೆಯುತ್ತದೆ. ಚಾಚುವ ಸಜ್ಜಾದರೆ ಕುರ್ಚಿಯ ಮೇಲಿನ ದೀಪ ಹಸಿರಾಗುತ್ತದೆ, ಸರಿಯುವ ಸಜ್ಜಾದರೆ ಕೆಂಪಾಗುತ್ತದೆ, ಎರಡೂ ಇಲ್ಲದಿದ್ದರೆ ಬಿಳಿ. ಕಣ್ಣೆದುರು ಇರುವ ವಸ್ತುವಿಗೆ ಮಾತ್ರ ಇದು ನಡೆಯುತ್ತದೆ. ನಾಳೆಯದು, ನಿನ್ನೆಯದು, ದೇವರು ದಿಂಡರು, ಅಂಥದ್ದನ್ನೆಲ್ಲ ಕೇಳಿದರೆ ದೀಪ ಬಿಳಿಯಾಗಿಯೇ ಉಳಿಯುತ್ತದೆ. ನಿಯಮ ಸರಳ. ಅಧ್ಯಯನಕ್ಕೆಂದು ಮಿದುಳಿನ ವಿದ್ಯುತ್ತು ಅಳೆಯುವ ಟೋಪಿ ಬೇರೆಯೇ ಇದೆ, ಅದನ್ನು ಮಗುವಿನ ಮುಂದೆ ಹಿಡಿಯಬೇಕು. ದೀಪ ಒಂದು ನಿಮಿಷ ಪೂರ್ತಿ ಕೆಂಪಾಗಿದ್ದರೆ ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು. ಎರಡು ದಿನ ಹಾಗಾದರೆ ಮಗುವಿನ ಹೆಸರು ಪಟ್ಟಿಯಿಂದ ಹೋಗುತ್ತದೆ.

ನಾನು ಕಸ್ತೂರಿ ಹೊಸಮನಿ. ಹದಿನೆಂಟು ವರ್ಷ ಅಂಗನವಾಡಿ ನಡೆಸಿದವಳು. ಈಗ ಧಾರವಾಡದ ಈ ಮಕ್ಕಳ ಮಿದುಳು ಬೆಳವಣಿಗೆ ಕೇಂದ್ರದಲ್ಲಿ ಕುಟುಂಬ ಸಂಯೋಜಕಿ. ಹೆಸರು ದೊಡ್ಡದು, ಕೆಲಸ ಬಾಯಿಯದು. ಅಧ್ಯಯನಕ್ಕೆ ಬರುವ ತಂದೆತಾಯಿಗೆ ಇಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂದು ಮನೆಗೇ ಹೋಗಿ ಹೇಳಿ ಬರಬೇಕು. ಇದು ಚಿಕಿತ್ಸೆ ಅಲ್ಲ. ಸೂಜಿ ಇಲ್ಲ, ಗುಳಿಗೆ ಇಲ್ಲ. ನಿಮಗೆ ಲಾಭ ಆಗಬಹುದು, ಆಗದೆಯೂ ಇರಬಹುದು. ಯಾವಾಗ ಬೇಕಾದರೂ ಬಿಡಬಹುದು, ಕಾರಣ ಕೊಡಬೇಕಿಲ್ಲ. ಈ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ. ಊಟ ಮಾಡಿಕೊಂಡು ಹೋಗಿ ಎಂದು ಬಾಗಿಲಲ್ಲಿ ನಿಂತು ಹೇಳುವ ಮಾತಿನಂತೆ ಅದನ್ನು ಕೇಳಿ ಅಲ್ಲಿಗೇ ಬಿಡುತ್ತಾರೆ.

ಬೆಟಗೇರಿಯ ದ್ರಾಕ್ಷಾಯಣಿಯೂ ಹಾಗೇ ಕೇಳಿದಳು. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುವ ಹೆಣ್ಣುಮಗಳು. ನಾನು ಹೋದಾಗ ಒಲೆಯ ಮುಂದೆ ಇದ್ದಳು. ಒಂದು ರೊಟ್ಟಿ ಹಂಚಿನ ಮೇಲೆ, ಒಂದು ಕೈಯಲ್ಲಿ. ಗಂಡ ಶೇಖಪ್ಪ ರೊಟ್ಟಿ ಎಣಿಸಿ ಬಟ್ಟೆಯಲ್ಲಿ ಸುತ್ತುತ್ತಿದ್ದ. ಮಗಳು ನೀಲಾಂಬಿಕಾ, ಮನೆಯವರ ಬಾಯಲ್ಲಿ ನೀಲು, ಮೂಲೆಯಲ್ಲಿ ಸ್ಟೀಲಿನ ಮುಚ್ಚಳವೊಂದನ್ನು ನೆಲದ ಮೇಲೆ ತಿರುಗಿಸಿ ಅದು ನಿಲ್ಲುವವರೆಗೆ ನೋಡುತ್ತಿದ್ದಳು. ನಿಂತ ಕೂಡಲೆ ಮತ್ತೆ ತಿರುಗಿಸುತ್ತಿದ್ದಳು. ಏಳು ವರ್ಷ ದಾಟಿತ್ತು. ಒಂದು ಮಾತೂ ಬಂದಿರಲಿಲ್ಲ.

ನಾನು ನನ್ನ ಪಾಠವನ್ನೆಲ್ಲ ಒಪ್ಪಿಸಿದ ಮೇಲೆ ದ್ರಾಕ್ಷಾಯಣಿ ಕೇಳಿದ್ದು ಒಂದೇ ಪ್ರಶ್ನೆ.

"ಅಕ್ಕಾರ, ಆಕಿ ಅವ್ವಾ ಅಂತಾಳೇನ್ರಿ?"

"ಹಂಗಂತ ನಾ ಹೇಳಾಕ ಬರೂದಿಲ್ಲವಾ."

"ಆದ್ರೂ ಮಂದಿ ಹೇಳ್ತಾರಲ್ರಿ. ಎರಡನೇ ಹಂತದಾಗ ಹಣಿಗೆ ಒಂದು ಪಟ್ಟಿ ಕಟ್ತಾರಂತ, ಅದನ್ನ ಕಟ್ಟಿದ ಹುಡುಗೂರು ಮಾತಾಡ್ಯಾವಂತ."

ಅದು ಸುಳ್ಳಲ್ಲ. ಟೋಪಿ ಹಾಕಿಕೊಂಡು ನಲವತ್ತು ನಿಮಿಷದ ಅಳತೆ ಮುಗಿಸಿದ ಮಕ್ಕಳಿಗೆ ಮಾತ್ರ ಆ ಪಟ್ಟಿ. ಅಳತೆಯಿಲ್ಲದೆ ಅದನ್ನು ಆ ಮಗುವಿಗೆ ಹೊಂದಿಸಲು ಆಗುವುದಿಲ್ಲ. ಅಲ್ಲಿಯವರೆಗೆ ಪಟ್ಟಿ ಕಟ್ಟಿಕೊಂಡಿದ್ದ ಇಪ್ಪತ್ತೆರಡು ಮಕ್ಕಳಲ್ಲಿ ಒಂಬತ್ತು ಮಕ್ಕಳು ನಾಲ್ಕಾರು ಮಾತು ಆಡಿದ್ದವು. ಎಂಟು ತುಂಬಿದ ಮಕ್ಕಳಿಗೆ ಪಟ್ಟಿ ಇಲ್ಲ. ನೀಲುಗೆ ಶ್ರಾವಣ ಬಂದರೆ ಎಂಟು. ಆಗ ಯುಗಾದಿ ಮುಗಿದು ವಾರವಾಗಿತ್ತು. ಇದನ್ನೆಲ್ಲ ಅವಳು ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದಳು.

"ಒಮ್ಮೆ ಅಂದ್ರ ಸಾಕ್ರಿ," ಎಂದಳು. "ಎರಡನೇ ಸಲ ಅನ್ನದಿದ್ರೂ ನಡೀತೈತಿ."

ಮೊದಲ ದಿನ ಅವರು ಬಂದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ, ಸಂಕಟವೂ ಆಗುತ್ತದೆ. ಬೆಳಗಿನ ರೈಲಿಗೆ ಬಂದಿದ್ದರು. ನೀಲುಗೆ ಹೊಸ ಲಂಗ, ಎರಡು ಬಿಗಿ ಜಡೆ, ಕೆಂಪು ರಿಬ್ಬನ್ನು. ತಾಯಿ ತಲೆಗೆ ಎಷ್ಟು ಕೊಬ್ಬರಿ ಎಣ್ಣೆ ಹಚ್ಚಿದ್ದಳೆಂದರೆ ಹಣೆಯ ಮೇಲೆಲ್ಲ ಇಳಿದಿತ್ತು. ನಾನು ಮನೆಯಲ್ಲೇ ಹೇಳಿದ್ದೆ, ಫೋನಿನಲ್ಲೂ ಹೇಳಿದ್ದೆ, ತಲೆಗೆ ಎಣ್ಣೆ ಹಚ್ಚಬೇಡಿ ಎಂದು. ಟೋಪಿಯೊಳಗೆ ನೂರಿಪ್ಪತ್ತೆಂಟು ಒದ್ದೆ ಸ್ಪಂಜಿನ ಗುಂಡಿಗಳಿವೆ. ಎಣ್ಣೆ ಇದ್ದರೆ ಮಿದುಳಿನ ವಿದ್ಯುತ್ತು ಅವಕ್ಕೆ ಸಿಗುವುದಿಲ್ಲ.

"ಅಲ್ಲವಾ, ಎಣ್ಣಿ ಬ್ಯಾಡ ಅಂದಿದ್ನಿಲ್ಲೋ?"

"ನಾಕ್ ಮಂದಿ ಮುಂದ ಹಂಗ ಒಣಾ ತಲಿ ಕರಕೊಂಡ್ ಬರಾಕ ಮನಸಾಗಲಿಲ್ರಿ. ತಾಯಿ ಇಲ್ಲದ ಕೂಸೇನು ಅಂತಾರ."

ಅಷ್ಟರಲ್ಲಿ ನೀಲು ನನ್ನ ಮೇಜಿನ ಮೇಲಿದ್ದ ಕಾಗದವೊಂದನ್ನು ಬಾಯಿಗೆ ಹಾಕಿಕೊಂಡಳು. "ಏನ್ ತಿಂದಾಳ ಮುಂಜಾನೆ?" ಎಂದು ಕೇಳಿದೆ. ಶೇಖಪ್ಪ ಹೆಮ್ಮೆಯಿಂದ, "ಏನೂ ಕೊಟ್ಟಿಲ್ರಿ. ಟೆಸ್ಟ್ ಅಂದ್ರ ಖಾಲಿ ಹೊಟ್ಟಿ ಇರಬೇಕಲ್ರಿ," ಎಂದ. ಅಯ್ಯೋ ನನ್ನ ಶಿವನೇ! ರಕ್ತ ಪರೀಕ್ಷೆಗೆ ಹೋದಂತೆ ಮಗುವನ್ನು ಉಪವಾಸ ಕರೆತಂದಿದ್ದರು. ಇಡ್ಲಿ ತರಿಸಿದೆ. ಕೇಂದ್ರದ ಆಯಾಳ ಬಚ್ಚಲಲ್ಲಿ ಶಾಂಪೂ ಹಾಕಿ ಎರಡು ಸಲ ತಲೆ ತೊಳೆದೆವು. ನೀಲು ಮೂರು ಮನೆಗೆ ಕೇಳುವಂತೆ ಚೀರಿದಳು. ಅಷ್ಟು ಮಾಡಿ ಕುರ್ಚಿಯಲ್ಲಿ ಕೂರಿಸಿ ಟೋಪಿ ಎದುರಿಗೆ ಹಿಡಿದರೆ ದೀಪ ಕೆಂಪಾಯಿತು. ಒಂದು ನಿಮಿಷ ಕೆಂಪಾಗಿಯೇ ಇತ್ತು.

"ಇವತ್ತು ಆಕೆಗೆ ಸುಸ್ತು. ಇನ್ನೊಂದು ದಿನ ನೋಡೋಣ," ಎಂದರು ನಮ್ಮ ಡಾಕ್ಟರ್ ವೃಂದಾ ಇನಾಮದಾರ. ಒಳ್ಳೆಯ ಹೆಂಗಸು, ಮಕ್ಕಳ ಮುಂದೆ ಎಂದೂ ದನಿ ಏರಿಸಿದವರಲ್ಲ. ಮೂರು ವಾರ ಬಿಟ್ಟು ದಿನ ಕೊಟ್ಟರು.

ನಡುವೆ ಒಂದು ಸಲ ಗದಗಿಗೆ ಬೇರೆ ಕೆಲಸಕ್ಕೆ ಹೋದವಳು ಬೆಟಗೇರಿಗೂ ಹೋಗಿಬಂದೆ. ಹೊಸ್ತಿಲಲ್ಲೇ ನಿಂತುಬಿಟ್ಟೆ. ನೀಲು ಮಣೆಯ ಮೇಲೆ ಕೂತಿದ್ದಳು. ತಲೆಗೆ ಒಂದು ಹಳೆಯ ಕುಂಚಿಗೆ, ಕೂಸುಗಳಿಗೆ ಕಟ್ಟುತ್ತಾರಲ್ಲ, ಅದು. ಅದರ ಒಳಗೆ ದ್ರಾಕ್ಷಾಯಣಿ ಪಾತ್ರೆ ತಿಕ್ಕುವ ಸ್ಪಂಜನ್ನು ಚೂರು ಚೂರು ಕತ್ತರಿಸಿ ಸಾಲಾಗಿ ಹೊಲಿದಿದ್ದಳು. ಒದ್ದೆ ಮಾಡಿ ಕಟ್ಟಿದ್ದಳು. ನೀರು ಕಿವಿಯ ಹಿಂದೆ ಇಳಿಯುತ್ತಿತ್ತು. ನೀಲು ಕೈಕಟ್ಟಿ, ಬಾಯಿಯ ಮೇಲೆ ಬೆರಳಿಟ್ಟು ಕೂತಿದ್ದಳು. ಎದುರಿಗೆ ಅಲಾರಂ ಗಡಿಯಾರ.

"ದಿನಾ ಕುಂದರಸ್ತೀನ್ರಿ," ಎಂದಳು ತಾಯಿ. "ಮೊದಲ ಐದು ನಿಮಿಷನೂ ಕುಂದರ್ತಿದ್ದಿಲ್ಲ. ಈಗ ಮೂವತ್ತೈದಕ್ಕ ಬಂದಾಳ. ಕೈ ಕಟ್ಟು, ಬಾಯಿ ಮುಚ್ಚು ಅಂದ್ರ ಹಂಗ ಕುಂದರ್ತಾಳ ನೋಡ್ರಿ."

"ಶಭಾಷ್!" ಎಂದೆ ನಾನು. ಹೌದು, ಅಂದೆ. ಸುಳ್ಳು ಯಾಕೆ ಹೇಳಲಿ? ಕೈ ಕಟ್ಟು, ಬಾಯಿ ಮುಚ್ಚು ಎಂದು ಹದಿನೆಂಟು ವರ್ಷ ಅಂಗನವಾಡಿಯಲ್ಲಿ ಎಷ್ಟು ಮಕ್ಕಳನ್ನು ಕೂರಿಸಿದವಳು ನಾನು. ಮಗು ಸುಮ್ಮನೆ ಕೂತರೆ ಒಪ್ಪಿದ ಹಾಗೆ ಎಂದೇ ನನ್ನ ಲೆಕ್ಕ. ದ್ರಾಕ್ಷಾಯಣಿಯ ಬೆನ್ನು ತಟ್ಟಿ, ಬಿಸಿ ರೊಟ್ಟಿ, ಎಣ್ಣೆಗಾಯಿ ಹೊಡೆದು, ಖುಷಿಯಲ್ಲಿ ಬಸ್ಸು ಹತ್ತಿದೆ.

ಎರಡನೆಯ ದಿನ ಎಣ್ಣೆ ಇರಲಿಲ್ಲ. ಹೊಟ್ಟೆ ತುಂಬಿತ್ತು. ನೀಲು ತಾನಾಗಿ ನಡೆದು ಹೋಗಿ ಕುರ್ಚಿ ಏರಿದಳು, ಕೈ ಕಟ್ಟಿದಳು, ಬಾಯಿಯ ಮೇಲೆ ಬೆರಳಿಟ್ಟಳು. ಗಾಜಿನ ಆಚೆ ಯಂತ್ರದ ಮುಂದೆ ಕೂತಿದ್ದ ವೃಂದಾ ಮೇಡಂ ಬೆರಗಿನಿಂದ ಎದ್ದು ನಿಂತರು. ಅಷ್ಟು ಅಲುಗದೆ ಕೂರುವ ಮಗು ನಮಗೆ ಸಿಕ್ಕಿದ್ದೇ ಅಪರೂಪ. ನಾನು ಟೋಪಿಯನ್ನು ಅವಳ ಮುಂದೆ ಹಿಡಿದೆ. ಅವಳ ಕಣ್ಣು ಮಿಟುಕಲಿಲ್ಲ, ಒಂದು ಬೆರಳೂ ಅಲುಗಲಿಲ್ಲ.

ದೀಪ ಕೆಂಪಾಯಿತು.

"ಕುಂತಾಳಲ್ರಿ!" ಎಂದಳು ದ್ರಾಕ್ಷಾಯಣಿ. "ನೋಡ್ರಿ, ಒಂದೀಟೂ ಅಳಗಾಡವಲ್ಲಳು! ಮತ್ಯಾಕ ಕೆಂಪು?"

"ಮಷಿನ್ ಕೆಟ್ಟಿರಬೇಕ್ರಿ," ಎಂದ ಶೇಖಪ್ಪ.

ನಾನು ವೃಂದಾ ಮೇಡಂ ಮುಖ ನೋಡಿದೆ. ಅವರು ಈಚೆ ಬಂದು ಫಾರಮ್ಮನ್ನು ಮೇಜಿನ ಮೇಲಿಟ್ಟರು. ಕೊನೆಯಲ್ಲಿ ಒಂದು ಕಾಲಂ ಇದೆ. ದೀಪ ದೋಷಯುಕ್ತವಾಗಿದೆ ಎಂದು ಸಂಯೋಜಕಿ ಸಹಿ ಮಾಡಿದರೆ ಆ ದಿನ ದೀಪವನ್ನು ಲೆಕ್ಕಕ್ಕೆ ಹಿಡಿಯದೆ ಮುಂದುವರಿಯಬಹುದು. "ಕಸ್ತೂರಕ್ಕ, ಇದು ನಿಮ್ಮ ಅಧಿಕಾರ. ನಾನು ಹೀಗೆ ಮಾಡಿ ಅಂತ ಹೇಳೋದಿಲ್ಲ, ಬೇಡ ಅಂತಾನೂ ಹೇಳೋದಿಲ್ಲ," ಎಂದರು. ಅವರಿಗೆ ನಲವತ್ತು ಮಕ್ಕಳ ಅಳತೆ ಬೇಕಿತ್ತು. ಮೂವತ್ತೊಂಬತ್ತು ಆಗಿತ್ತು.

ದ್ರಾಕ್ಷಾಯಣಿ ನನ್ನ ಕೈ ಹಿಡಿದುಕೊಂಡಳು. ರೊಟ್ಟಿ ಬಡಿದು ಬಡಿದು ಒರಟಾದ ಅಂಗೈ. "ಸಹಿ ಮಾಡ್ರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳ್ತೀನಿ. ಶ್ರಾವಣ ಬಂದ್ರ ಮುಗೀತಲ್ರಿ." ನಲವತ್ತು ನಿಮಿಷ ತಾನೆ, ನೋವಿಲ್ಲ, ಮಗು ತೆಪ್ಪಗೆ ಕೂತಿದೆ. ಇಷ್ಟಕ್ಕೆ ಒಂದು ಜೀವದ ಮಾತನ್ನೇ ಕಳೆಯುವುದೇ? ಟೋಪಿಯನ್ನು ಹಿಂದೆ ಮೇಜಿನ ತಟ್ಟೆಯಲ್ಲಿಟ್ಟು ಪೆನ್ನು ತೆಗೆದೆ.

ಆದರೆ ದೋಷ ಎಂದು ಬರೆಯುವ ಮೊದಲು ದೀಪವನ್ನು ಪರೀಕ್ಷೆ ಮಾಡಬೇಕು, ಅದೂ ನಿಯಮ. ಮಗುವಿಗೆ ತುಂಬಾ ಇಷ್ಟವಾದದ್ದನ್ನು ಮುಂದೆ ಹಿಡಿಯಬೇಕು. ಹಸಿರಾಗದಿದ್ದರೆ ದೀಪ ಕೆಟ್ಟಿದೆ ಎಂದರ್ಥ.

"ಆಕಿಗೆ ಏನಂದ್ರ ಜೀವ?" ಎಂದು ಕೇಳಿದೆ.

"ಹಾಲ್ರಿ!" ಎಂದಳು ತಾಯಿ, ಯೋಚಿಸದೆ. "ಕೊಟ್ಟ ಕೂಡ್ಲೆ ಗಟಗಟ ಕುಡದು ಲೋಟ ಬೋರಲ ಹಾಕ್ತಾಳ. ತಿರುಗಿ ನೋಡೂದಿಲ್ಲ." ಚೀಲದಿಂದ ಹಾಲಿನ ಬಾಟಲಿ ತೆಗೆದು ಮಗಳ ಮುಂದೆ ಹಿಡಿದಳು.

ದೀಪ ಕಡುಗೆಂಪಾಯಿತು.

"ಕೆಟ್ಟೈತಿ! ನಾ ಹೇಳಲಿಲ್ಲೇನು!" ಎಂದು ಶೇಖಪ್ಪ ಚಪ್ಪಾಳೆಯನ್ನೇ ಹೊಡೆದ. ನಾನೂ ನಿಟ್ಟುಸಿರು ಬಿಟ್ಟೆ. ನಿಜ ಹೇಳುತ್ತೇನೆ, ನನಗೆ ಆಗ ಸಂತೋಷವಾಯಿತು. ದೀಪ ಕೆಟ್ಟಿದ್ದರೆ ನನ್ನ ಸಹಿ ಸುಳ್ಳಾಗುವುದಿಲ್ಲ. ಹೆಸರಿನ ಮೊದಲ ಅಕ್ಷರ ಬರೆದೂ ಬಿಟ್ಟೆ.

ದ್ರಾಕ್ಷಾಯಣಿ ಬಾಟಲಿಯನ್ನು ಚೀಲಕ್ಕೆ ಹಾಕಿದಳು. ದೀಪ ಬಿಳಿಯಾಯಿತು. ಅವಳು ದೀಪವನ್ನೇ ನೋಡುತ್ತ ನಿಂತಳು. ಮತ್ತೆ ಬಾಟಲಿ ತೆಗೆದಳು. ಕೆಂಪು. ಒಳಗೆ ಹಾಕಿದಳು. ಬಿಳಿ. ಚೀಲದಲ್ಲಿ ಬುತ್ತಿ ಡಬ್ಬಿಯಿತ್ತು. ಅದರ ಮುಚ್ಚಳವನ್ನು ಬಿಚ್ಚಿ ಮುಂದೆ ಹಿಡಿದಳು. ಹಸಿರು! ಎಂಥ ಹಸಿರು ಅಂತೀರಿ, ಕೋಣೆಯ ಗೋಡೆಯೆಲ್ಲ ಬೆಳಗಿತು. ಮತ್ತೆ ಹಾಲು. ಕೆಂಪು.

ದ್ರಾಕ್ಷಾಯಣಿ ಬಾಟಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಏಳು ವರ್ಷಾತ್ರಿ," ಎಂದಳು ಕೊನೆಗೆ, ನನಗೋ ತನಗೋ ಗೊತ್ತಾಗದಂತೆ. "ಏಳು ವರ್ಷ, ದಿನಾ ಎರಡು ಹೊತ್ತು. ಗಟಗಟ ಕುಡೀತಾಳ, ಎಷ್ಟ್ ಆಶಾ ಅಂತ ಎಲ್ಲಾರ ಮುಂದ ಹೇಳ್ಕೊಂಡ್ ತಿರಗೀನಿ. ಲಗೂನ ಮುಗದ್ರ ಸಾಕು ಅಂತ ಕುಡದಾಳಲ್ರಿ ಕೂಸು."

ಆಮೇಲೆ ಚೀಲದಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ತೆಗೆದಳು. ಬಾಳೆಹಣ್ಣು, ಬಿಳಿ. ಬಾಚಣಿಗೆ, ಕೆಂಪು. ಜಡೆಯ ತುದಿಯ ರಿಬ್ಬನ್ನನ್ನು ಹಿಡಿದು ತೋರಿಸಿದಳು, ಕೆಂಪು. ಎರಡೂ ರಿಬ್ಬನ್ನು ಬಿಚ್ಚಿ ಜಡೆ ಸಡಿಲು ಮಾಡಿದಳು. ಶೇಖಪ್ಪ ಹಿಂದಕ್ಕೆ ಹಿಂದಕ್ಕೆ ಸರಿದು ಬಾಗಿಲ ಹತ್ತಿರ ನಿಂತಿದ್ದ. "ಏ, ನನ್ನ ಕರದು ಅದರ ಮುಂದ ನಿಂದರಸಬ್ಯಾಡ ಮತ್ತ," ಎಂದ. ವೃಂದಾ ಮೇಡಂ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

ಕೊನೆಗೆ ದ್ರಾಕ್ಷಾಯಣಿ ತಟ್ಟೆಯಿಂದ ಟೋಪಿ ತೆಗೆದುಕೊಂಡಳು. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನೀಲು, ಇದು ಒಲ್ಲೇನವಾ?"

ಕೆಂಪು.

"ಇದನ್ನ ಹಾಕ್ಕೊಂಡ್ರ ನೀ ಮಾತಾಡಬಹುದಂತ. ನನ್ನ ಅವ್ವಾ ಅನ್ನಬಹುದಂತ."

ಕೆಂಪು. ಗೋಡೆಯ ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ಹಾಗೇ ಹಿಡಿದುಕೊಂಡು ಕೂತಳು. ನಿಮಿಷ ಮುಗಿದ ಮೇಲೆ ಟೋಪಿಯನ್ನು ತಟ್ಟೆಯಲ್ಲಿಟ್ಟು, ಮಗಳ ಬಾಯಿಯ ಮೇಲಿದ್ದ ಬೆರಳನ್ನು ಮೆಲ್ಲಗೆ ಕೆಳಗಿಳಿಸಿದಳು. ಕಟ್ಟಿದ ಇನ್ನೊಂದು ಕೈಯನ್ನೂ ಬಿಡಿಸಿದಳು.

"ಬಿಡ್ರಿ ಅಕ್ಕಾರ."

"ದ್ರಾಕ್ಷಾಯಣಿ, ಯೋಚನಿ ಮಾಡು. ಶ್ರಾವಣಕ್ಕ..."

"ಗೊತ್ತೈತ್ರಿ." ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಬಂತು. "ಅವ್ವಾ ಅನಿಸ್ಕೊಳ್ಳೂ ಆಶಾಕ್ಕ ಇಪ್ಪತ್ತು ದಿನ ಆಕಿ ಬಾಯಿ ಮುಚ್ಚಿಸಿ ಕುಂದರಿಸೀನಲ್ರಿ. ಎಂಥಾ ತಾಯಿರಿ ನಾನು!"

ಶಭಾಷ್ ಎಂದವಳು ನಾನಲ್ಲವೇ? ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ, ನನ್ನ ಕಣ್ಣಲ್ಲೂ ನೀರು. ಸಹಿಯ ಜಾಗದಲ್ಲಿ ಬರೆದ ಒಂದಕ್ಷರವನ್ನು ಹೊಡೆದು ಹಾಕಿದೆ. ಅಧ್ಯಯನ ಬಿಡುವವರು ತುಂಬುವ ಬೇರೆ ಹಾಳೆ ಇದೆ. ಕಾರಣ ಕೊಡಬೇಕಿಲ್ಲ ಎಂದು ನಾವು ಹೇಳಿದರೂ ಬಹಳ ಮಂದಿ ಏನಾದರೊಂದು ಬರೆಯುತ್ತಾರೆ. ಊರು ದೂರ, ಅತ್ತೆಯವರು ಬೇಡ ಎಂದರು, ಮನೆಯಲ್ಲಿ ಮದುವೆ. ದ್ರಾಕ್ಷಾಯಣಿ ಪೆನ್ನು ಕೇಳಿ, ದುಂಡನೆಯ ಅಕ್ಷರದಲ್ಲಿ ಬರೆದಳು: ನೀಲಾಂಬಿಕಾಗೆ ಇಷ್ಟ ಇಲ್ಲ.

ನಲವತ್ತನೆಯ ಜಾಗ ರಾಣೆಬೆನ್ನೂರಿನ ಹುಡುಗಿಯೊಬ್ಬಳಿಗೆ ಹೋಯಿತು. ಟೋಪಿ ಕಂಡರೆ ಆ ಮಗುವಿನ ದೀಪ ಹಸಿರೋ ಹಸಿರು. ಶ್ರಾವಣ ಬಂತು, ಹೋಯಿತು. ದ್ರಾಕ್ಷಾಯಣಿಗೆ ಫೋನು ಮಾಡಬೇಕೆಂದು ಎಷ್ಟೋ ಸಲ ಅಂದುಕೊಂಡು ಧೈರ್ಯ ಸಾಲದೆ ಸುಮ್ಮನಾದೆ.

ದಸರೆ ಮುಗಿದ ಮೇಲೆ ಬೆಟಗೇರಿಗೆ ಹೋದೆ. ದ್ರಾಕ್ಷಾಯಣಿ ಒಲೆ ಆರಿಸಿ ಕೂತಿದ್ದಳು. ನನ್ನನ್ನು ಕಂಡು ಮುಖ ಅರಳಿಸಿದಳು. ಸಿಟ್ಟಿರಲಿಲ್ಲ. ನೀಲು ಮಾತಾಡಿದಳೇ ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು.

"ಇಲ್ರಿ. ಅಂದಿಲ್ಲ. ರಾತ್ರಿ ಒಮ್ಮೊಮ್ಮೆ ಭಾಳ ಅಳು ಬರತೈತಿ, ಸುಳ್ಳ್ಯಾಕ ಹೇಳ್ಲಿ. ಟೋಪಿ ಹಾಕಿಸಿದ್ರ ಅಂತಿದ್ಲೋ ಏನೋ ಅಂತ. ಮುಂಜಾನೆ ಎದ್ದ ಮ್ಯಾಲೆ ಮತ್ತ ಸಮಾಧಾನ ಮಾಡ್ಕೋತೀನಿ."

ಹೀಗೆ ಹೇಳುತ್ತಲೇ ಅವಳು ಮಾಡುತ್ತಿದ್ದದ್ದನ್ನು ನೋಡಿದೆ. ಮಗಳಿಗೆ ಸಂಜೆಯ ಅಂಗಿ ತೊಡಿಸಬೇಕಿತ್ತು. ಎಡಗೈಯಲ್ಲಿ ಹಳದಿಯದು, ಬಲಗೈಯಲ್ಲಿ ನೀಲಿಯದು ಹಿಡಿದು ಸುಮ್ಮನೆ ಕಾಯುತ್ತಿದ್ದಳು. ನಾನಾಗಿದ್ದರೆ ಅಷ್ಟರಲ್ಲಿ ಒಂದನ್ನು ತಲೆಗೆ ಸಿಕ್ಕಿಸಿ ಎಳೆದಿರುತ್ತಿದ್ದೆ. ಅವಳು ಕಾದೇ ಕಾದಳು. ಕೊನೆಗೆ ನೀಲು ಹಳದಿಯ ತೋಳನ್ನು ಮೊಣಕೈಯಿಂದ ಸರಿಸಿದಳು. ತಾಯಿ ನೀಲಿ ಅಂಗಿ ತೊಡಿಸಿದಳು.

"ದೀಪ ಇಲ್ಲಲ್ರಿ ಮನ್ಯಾಗ," ಎಂದಳು. "ಅದಕ್ಕ ಕಾಯಬೇಕಾಗತೈತಿ. ಓಣ್ಯಾಗಿನ ಮಂದಿ ನಗತಾರ, ಈಕಿಗೇನ್ ಹುಚ್ಚ ಹಿಡದೈತೇನು, ಅಂಗಿ ಹಿಡಕೊಂಡು ಮೂರ್ತಿ ಹಂಗ ಕುಂದರತಾಳ ಅಂತ. ನಗವಲ್ರ್ಯಾಕ."

ಶೇಖಪ್ಪ ಚಹಾ ಮಾಡಿ ತಂದ. ಹೆಂಡತಿಗೆ ಕಾದು ಕಾದು ರೊಟ್ಟಿ ಹೊತ್ತಿಸುವ ಚಟ ಬಂದಿದೆ ಎಂದು ದೂರಿದ. ನಕ್ಕೆವು. ಬಸ್ಸಿನ ಹೊತ್ತಾಯಿತೆಂದು ಎದ್ದೆ. ನೀಲು ಹೊಸ್ತಿಲ ಮೇಲೆ ಕೂತಿದ್ದಳು, ನೀಲಿ ಅಂಗಿಯಲ್ಲಿ, ಕೂದಲು ಸಡಿಲವಾಗಿ ಹರಡಿ, ಎಷ್ಟು ಚೆಂದ ಕಾಣುತ್ತಿದ್ದಳೆಂದರೆ ನನಗೆ ತಡೆಯಲಾಗಲಿಲ್ಲ. ಬಗ್ಗಿ, ಎರಡೂ ಕೆನ್ನೆ ಸವರಿ, ದೃಷ್ಟಿಯಾಗದಂತೆ ಲಟಿಗೆ ಮುರಿಯೋಣವೆಂದು ಕೈ ಚಾಚಿದೆ.

"ಅಕ್ಕಾರ," ಎಂದಳು ಹಿಂದಿನಿಂದ ದ್ರಾಕ್ಷಾಯಣಿ, ಮೆತ್ತಗೆ. "ಆಕೀನ ಕೇಳಿದ್ರೇನ್ರಿ?"

ನನಗೆ ನಾಚಿಕೆಯಾಯಿತು. ಕೇಳುವುದೇ ನನ್ನ ನೌಕರಿ. ಚಾಚಿದ ಕೈಯನ್ನು ಅವಳ ಕೆನ್ನೆಯಿಂದ ಒಂದು ಗೇಣು ದೂರದಲ್ಲೇ ನಿಲ್ಲಿಸಿ ಕಾದೆ. ಸೊಂಟ ನೋಯತೊಡಗಿತು. ನೀಲು ನನ್ನ ಅಂಗೈಯನ್ನು ನೋಡಿದಳು, ಬಳೆಗಳನ್ನು ನೋಡಿದಳು. ಆಮೇಲೆ ಒಂದೇ ಒಂದು ಬೆರಳಿಂದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ಒಲ್ಲೆ ಅಂದ್ಲು ನೋಡ್ರಿ!" ಎಂದು ದ್ರಾಕ್ಷಾಯಣಿ ನಕ್ಕಳು. ಮಗಳು ಪರೀಕ್ಷೆಯಲ್ಲಿ ಪಾಸಾದ ತಾಯಿಯ ನಗು ಅದು. "ನನಗ ಸೈತ ಅಂತಾಳ್ರಿ ದಿನಾ."

"ಆತವಾ ನೀಲು, ಬ್ಯಾಡ," ಎಂದು ನನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅವಳು ಸ್ವಲ್ಪ ಪಕ್ಕಕ್ಕೆ ಸರಿದು ಹೊಸ್ತಿಲಲ್ಲಿ ನನಗೆ ದಾರಿ ಬಿಟ್ಟಳು.